ಸುನಾಮಿ ಮತ್ತು ಕಡಲತಡಿಯ ಕಟ್ಟಡಗಳು: ಒಂದು ವಿವೇಚನೆ

'ಸುನಾಮಿ' ಎಂಬುದು ಜಪಾನೀ ಭಾಷೆಯ ಶಬ್ದ. 'ತ್ಸು' ಎಂದರೆ ಬಂದರು, 'ನಾಮಿ' ಎಂದರೆ ಅಲೆ. ಆದಕಾರಣ 'ಬಂದರಿನ ಅಲೆ' ಎಂಬುದು ಇದರ ಶಬ್ದಾರ್ಥ. ನಡುಗಡಲಿನಲ್ಲಿ ದೋಣಿಯ ಅಡಿಯಲ್ಲಿ ಯಾರ ಅರಿವಿಗೂ ಬಾರದಂತೆ ಹಾದುಹೋದ ಅಲೆಯೇ ಬಂದರನ್ನು ಸೇರಿದಾಗ ಊರನ್ನು ನುಂಗುತ್ತದೆಂಬ ಅನುಭವ ಈ ಹೆಸರಿನಲ್ಲಿ ಅಡಗಿದೆ. ಕನ್ನಡದ ದಿನಬಳಕೆಗೆ ಈ ಶಬ್ದ ಬಂದು ಸೇರಿದ್ದು 2004ನೆಯ ಇಸವಿ ಡಿಸೆಂಬರ್ 26ರ ತರುವಾಯ. ಅಂದು ಸುಮಾತ್ರಾ ದ್ವೀಪದ ಬಳಿ ಕಡಲ ತಳದಲ್ಲಿ ಸಂಭವಿಸಿದ 9.1 ಪ್ರಮಾಣದ ಭೂಕಂಪದಿಂದ ಎದ್ದ ಅಲೆಗಳು ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ 2,20,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ತಮಿಳುನಾಡಿನ ನಾಗಪಟ್ಟಣಂ ಜಿಲ್ಲೆಯೊಂದರಲ್ಲಿಯೇ ಆರು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಅನಂತರ 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ತೀರದಲ್ಲಿ ಇಂಥದೇ ಉತ್ಪಾತವಾಗಿ 18,000ಕ್ಕೂ ಹೆಚ್ಚು ಜನ ಸತ್ತರು ಇಲ್ಲವೆ ಕಾಣೆಯಾದರು.

ಈ ಎರಡು ಉತ್ಪಾತಗಳ ತರುವಾಯ ತೀರಪ್ರದೇಶಗಳನ್ನು ಪರಿಶೀಲಿಸಿದ ಎಂಜಿನಿಯರುಗಳಿಗೆ ಒಂದು ವಿಚಿತ್ರ ದೃಶ್ಯ ಕಂಡುಬಂದಿತು. ಒಂದೇ ಬೀದಿಯಲ್ಲಿ, ಒಂದೇ ಅಲೆಗೆ ಸಿಕ್ಕಿದ ಕಟ್ಟಡಗಳಲ್ಲಿ ಕೆಲವು ಬುನಾದಿಯ ಗುರುತಷ್ಟೇ ಉಳಿದು ಅಳಿಸಿಹೋಗಿದ್ದವು. ಕೆಲವು ಮುರಿಯದೆ ಇಡಿಯಾಗಿ ಮಗ್ಗುಲಾಗಿ ಬಿದ್ದಿದ್ದವು. ಮತ್ತೆ ಕೆಲವು ಕಿಟಕಿ ಬಾಗಿಲುಗಳನ್ನೂ ಗೋಡೆಗಳನ್ನೂ ಕಳೆದುಕೊಂಡಿದ್ದರೂ ತಮ್ಮೊಳಗಿನ ಜನರನ್ನು ಉಳಿಸಿ ನಿಂತಿದ್ದವು. ಈ ಭೇದಕ್ಕೆ ಕಾರಣವೇನು? ನೀರು ಕಟ್ಟಡದ ಮೇಲೆ ಯಾವ ಯಾವ ಬಗೆಯಲ್ಲಿ ಬಲವನ್ನು ಪ್ರಯೋಗಿಸುತ್ತದೆ? ಇದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ವಿಪತ್ತು ಬಂದಾಗ ಊರಿನ ಜನ ಮೊದಲು ಓಡಿ ಸೇರುವುದು ಶಾಲೆಯನ್ನು. ಶಾಲೆಯನ್ನು ಕಟ್ಟಿಸುವವರಿಗೂ ಅದರಲ್ಲಿ ಪಾಠ ಹೇಳುವವರಿಗೂ ಈ ವಿಷಯದ ತಿಳಿವಳಿಕೆ ಅವಶ್ಯವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಪೂರ್ವಪಕ್ಷ

ಭಾರವಾದ ಕಟ್ಟಡವೇ ಭದ್ರವಾದ ಕಟ್ಟಡ ಎಂಬುದು ಲೋಕರೂಢಿಯ ನಂಬಿಕೆ. ಗೋಡೆ ದಪ್ಪವಾಗಿದ್ದರೆ, ಕಲ್ಲು ದೊಡ್ಡದಾಗಿದ್ದರೆ, ಕಾಂಕ್ರೀಟು ಹೆಚ್ಚಾಗಿದ್ದರೆ ಯಾವ ನೀರೂ ಏನೂ ಮಾಡಲಾರದೆಂದು ಜನ ಭಾವಿಸುತ್ತಾರೆ. ಬಿಸಿಲು, ಮಳೆ, ಗಾಳಿಗಳ ಮಟ್ಟಿಗೆ ಈ ನಂಬಿಕೆ ಬಹುಮಟ್ಟಿಗೆ ಸರಿಯೇ. ಆದರೆ ಸುನಾಮಿಯ ಮುಂದೆ ಅದು ನಿಲ್ಲುವುದಿಲ್ಲ.

ಅಲಾಸ್ಕದ ಯೂನಿಮಾಕ್ ದ್ವೀಪದಲ್ಲಿ ಸ್ಕಾಚ್ ಕ್ಯಾಪ್ ಎಂಬ ದೀಪಸ್ತಂಭವಿತ್ತು. 1940ರಲ್ಲಿ ಆರ್.ಸಿ.ಸಿ.ಯಿಂದ ಕಟ್ಟಿದ, ಸುಮಾರು 18 ಮೀಟರ್ ಎತ್ತರದ ಗಟ್ಟಿಯಾದ ಕಟ್ಟಡ ಅದು. ನಿಂತದ್ದು ಕಡಲ ಮಟ್ಟದಲ್ಲಲ್ಲ, ಅದಕ್ಕಿಂತ ಎಷ್ಟೋ ಮೇಲೆ. 1946ರ ಏಪ್ರಿಲ್ 1ರ ನಸುಕಿನಲ್ಲಿ ಸಮೀಪದ ಕಡಲತಳದ ಭೂಕಂಪದಿಂದ ಎದ್ದ ಅಲೆ ಆ ದೀಪಸ್ತಂಭವನ್ನೇ ಮುಳುಗಿಸಿತು. ಬೆಳಗಾದಾಗ ಅಲ್ಲಿ ಬುನಾದಿಯ ಅವಶೇಷದ ಹೊರತು ಮತ್ತೇನೂ ಇರಲಿಲ್ಲ. ಒಳಗಿದ್ದ ಐವರು ಕಾವಲುಗಾರರೂ ಅಳಿದರು.

ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವುಂಟು. 2004ರಲ್ಲಿ ಸುಮಾತ್ರಾ ದ್ವೀಪದ ಆಚೆ ಪ್ರಾಂತದ ಲಾಂಪುಕ್ ಎಂಬ ಊರು ಅಲೆಗೆ ಸಿಕ್ಕಿ ಬಯಲಾಯಿತು. ಮನೆಗಳೆಲ್ಲ ನೆಲಕ್ಕೆ ಸಮನಾದ ಆ ಬಯಲಿನ ನಡುವೆ ರಹಮತುಲ್ಲಾ ಎಂಬ ಮಸೀದಿಯೊಂದು ನಿಂತಿತ್ತು. ಅದರ ಕೆಳಭಾಗದ ಗೋಡೆಗಳು ಒಡೆದು ಕಂಬಗಳು ಗಾಯಗೊಂಡಿದ್ದವು. ಆದರೂ ನೀರು ಕಂಬಗಳ ನಡುವಣ ತೆರಪಿನಲ್ಲಿ ಹಾದುಹೋಗಿತ್ತು. ಭಾರವಾದದ್ದು ಹೋಯಿತು, ತೆರವಾದದ್ದು ಉಳಿಯಿತು. ಈ ಎರಡನ್ನೇ ಇಟ್ಟುಕೊಂಡು ಸಿದ್ಧಾಂತ ಮಾಡಲಾಗದು. ಎರಡು ಕಡೆಯ ಅಲೆಗಳೂ ಒಂದೇ ಎತ್ತರದವಲ್ಲ. ಆದರೆ ಕಾರಣವನ್ನು ಶೋಧಿಸಲು ಇವು ಪ್ರೇರಣೆ ನೀಡುತ್ತವೆ. ಆ ಕಾರಣ ನೀರಿನ ಸ್ವಭಾವದಲ್ಲಿದೆ.

ಅಲೆಯ ಸ್ವರೂಪ

ದಿನನಿತ್ಯ ಕಡಲ ದಡದಲ್ಲಿ ಕಾಣುವ ತೆರೆಗಳನ್ನು ಎಬ್ಬಿಸುವುದು ಗಾಳಿ. ಅವು ನೀರಿನ ಮೇಲ್ಪದರದ ಚಲನೆಗಳು. ಒಂದು ತೆರೆಯ ಹಿಂದೆ ಇನ್ನೊಂದು ಕೆಲವೇ ಸೆಕೆಂಡುಗಳ ಅಂತರದಲ್ಲಿ ಬರುತ್ತದೆ. ದಡಕ್ಕೆ ಅಪ್ಪಳಿಸಿ, ನೊರೆಯಾಗಿ, ಹಿಂದಿರುಗುತ್ತದೆ. ಸುನಾಮಿಯ ಉತ್ಪತ್ತಿಯೇ ಬೇರೆ. ಕಡಲ ತಳದ ನೆಲ ನೂರಾರು ಕಿಲೋಮೀಟರ್ ಉದ್ದಕ್ಕೆ ಒಮ್ಮೆಲೇ ಮೇಲೆದ್ದಾಗ ಅಥವಾ ಕುಸಿದಾಗ, ಅದರ ಮೇಲಿರುವ ನೀರು ತಳದಿಂದ ಮೇಲ್ಮೈಯವರೆಗೆ ಇಡಿಯಾಗಿ ಚಲಿಸತೊಡಗುತ್ತದೆ. ಹೀಗೆ ಹುಟ್ಟಿದ ಅಲೆಯ ಒಂದು ಶಿಖರದಿಂದ ಇನ್ನೊಂದು ಶಿಖರಕ್ಕೆ ನೂರು ಕಿಲೋಮೀಟರಿಗೂ ಮೀರಿದ ಅಂತರವಿರಬಹುದು. ಅವುಗಳ ನಡುವಣ ಕಾಲ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಇರಬಹುದು.

ಇದರ ವೇಗವನ್ನು ನಿಶ್ಚಯಿಸುವುದು ಕಡಲಿನ ಆಳ. ಆಳವನ್ನು ಗುರುತ್ವವೇಗೋತ್ಕರ್ಷದಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ ದೊರೆಯುತ್ತದೆ. 4,000 ಮೀಟರ್ ಆಳದಲ್ಲಿ ಅದು ಸೆಕೆಂಡಿಗೆ ಸುಮಾರು 200 ಮೀಟರ್, ಎಂದರೆ ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು. ಅಷ್ಟು ವೇಗದಲ್ಲಿ ಸಾಗುವಾಗ ಅಲೆಯ ಎತ್ತರ ಮಾತ್ರ ಅತ್ಯಲ್ಪ. 2004ರ ಭೂಕಂಪವಾಗಿ ಎರಡು ಗಂಟೆಗಳ ತರುವಾಯ ಕೃತಕ ಉಪಗ್ರಹವೊಂದು ಹಿಂದೂ ಮಹಾಸಾಗರದ ಮೇಲೆ ಹಾದುಹೋಗುವಾಗ ಅಳೆದ ಎತ್ತರ ಸುಮಾರು 60 ಸೆಂಟಿಮೀಟರ್ ಮಾತ್ರ. ತೀರ ಸಮೀಪಿಸಿ ಆಳ 10 ಮೀಟರಿಗೆ ಇಳಿದಾಗ ವೇಗ ಸೆಕೆಂಡಿಗೆ 10 ಮೀಟರಿಗೆ ಕುಗ್ಗುತ್ತದೆ. ಮುಂದಿನ ನೀರು ನಿಧಾನವಾಗುತ್ತದೆ, ಹಿಂದಿನ ನೀರು ವೇಗವಾಗಿ ಬಂದು ಅದನ್ನು ಒತ್ತುತ್ತದೆ. ಆಗ ನೀರಿಗೆ ಮೇಲೇಳದೆ ಗತ್ಯಂತರವಿಲ್ಲ.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದಿದೆ. ಸಾಮಾನ್ಯ ತೆರೆ ಎಷ್ಟೇ ದೊಡ್ಡದಾದರೂ ಅದರ ಹೊಡೆತ ಕೆಲವು ಕ್ಷಣಗಳದು. ಸುನಾಮಿಯಾದರೋ ಹತ್ತಿಪ್ಪತ್ತು ನಿಮಿಷಗಳ ಕಾಲ ನಿಲ್ಲದೆ ಒಳನಾಡಿಗೆ ಹರಿಯುವ, ಕಡಲೇ ನದಿಯಾಗಿ ನೆಲದ ಮೇಲೆ ನಡೆದುಬರುವ ಪ್ರವಾಹ. ಆದ್ದರಿಂದ ಕಟ್ಟಡಕ್ಕೆ ಒದಗುವುದು ಒಂದು ಏಟಲ್ಲ; ಒಂದರ ಬೆನ್ನಿಗೆ ಒಂದರಂತೆ, ಕೆಲವೊಮ್ಮೆ ಏಕಕಾಲದಲ್ಲಿ, ಹಲವು ಬಗೆಯ ಬಲಗಳ ಪರೀಕ್ಷೆ. ಅವುಗಳನ್ನು ಒಂದೊಂದಾಗಿ ನೋಡಬಹುದು.

1. ನಿಂತ ನೀರಿನ ಒತ್ತಡ

ನೀರು ಚಲಿಸದೆ ನಿಂತಿದ್ದರೂ ಗೋಡೆಯನ್ನು ಒತ್ತುತ್ತದೆ. ಈ ಒತ್ತಡ ಮೇಲ್ಮೈಯಲ್ಲಿ ಶೂನ್ಯ. ಆಳಕ್ಕೆ ಹೋದಂತೆ ಸಮಪ್ರಮಾಣದಲ್ಲಿ ಹೆಚ್ಚುತ್ತದೆ. ಗೋಡೆಯ ಹೊರಗೆ 3 ಮೀಟರ್ ಎತ್ತರಕ್ಕೆ ಕಡಲ ನೀರು ನಿಂತಿದೆ, ಒಳಗೆ ನೀರಿಲ್ಲ ಎಂದಿಟ್ಟುಕೊಂಡರೆ ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ ಸುಮಾರು 4.6 ಟನ್ ಬಲ ಬೀಳುತ್ತದೆ. 8 ಮೀಟರ್ ಉದ್ದದ ತರಗತಿಯ ಗೋಡೆಗೆ ಇದು 37 ಟನ್ ಆಗುತ್ತದೆ. ಹೊರೆ ತುಂಬಿದ ಎರಡು ಲಾರಿಗಳನ್ನು ಗೋಡೆಗೆ ಅಡ್ಡಲಾಗಿ ಒರಗಿಸಿದಂತೆ. ನೀರಿನ ಎತ್ತರ ಇಮ್ಮಡಿಯಾದರೆ ಬಲ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ.

ಇಟ್ಟಿಗೆಯ ಗೋಡೆ ಮೇಲಿನಿಂದ ಬರುವ ಭಾರವನ್ನು ಹೊರಲು ಕಟ್ಟಿದ್ದು. ಮೇಲಿನ ಭಾರ ಇಟ್ಟಿಗೆಗಳನ್ನು ಒಂದಕ್ಕೊಂದು ಅಮುಕಿ ಹಿಡಿಯುತ್ತದೆ. ಪಕ್ಕದ ನೂಕು ಅವುಗಳನ್ನು ಬೇರ್ಪಡಿಸುತ್ತದೆ. ಗಾರೆಗೆ ಆ ಎಳೆತವನ್ನು ತಾಳುವ ಶಕ್ತಿ ಬಹಳ ಕಡಿಮೆ. ಆದಕಾರಣವೇ ಸಿಮೆಂಟಿನ ಗಾರೆಯಿಂದ ಕಟ್ಟಿದ ಗೋಡೆಯೂ ಪಕ್ಕದ ಒತ್ತಡಕ್ಕೆ ಹಪ್ಪಳದಂತೆ ಮುರಿದುಬೀಳುತ್ತದೆ. ಆದರೆ ನೀರು ಬಾಗಿಲು ಕಿಟಕಿಗಳ ಮೂಲಕ ಒಳಕ್ಕೂ ನುಗ್ಗಿ ಎರಡು ಕಡೆಯೂ ಸಮನಾದರೆ ಈ ಒತ್ತಡಗಳು ಒಂದನ್ನೊಂದು ಕಳೆಯುತ್ತವೆ. ನೀರನ್ನು ಹೊರಗೇ ತಡೆದು ನಿಲ್ಲಿಸುವ ಹಟವೇ ಕೆಲವೊಮ್ಮೆ ಕಟ್ಟಡಕ್ಕೆ ಮುಳುವಾಗುತ್ತದೆಂಬ ಮೊದಲ ಪಾಠ ಇಲ್ಲಿ ದೊರೆಯುತ್ತದೆ.

2. ಹರಿಯುವ ನೀರಿನ ನೂಕು

ಎರಡನೆಯದು ಹರಿವಿನಿಂದ ಉಂಟಾಗುವ ಬಲ. ಇದು ನೀರಿನ ಸಾಂದ್ರತೆ, ಎದುರಾದ ಮೈಯ ವಿಸ್ತೀರ್ಣ, ಆ ಮೈಯ ಆಕಾರ ಹಾಗೂ ವೇಗದ ವರ್ಗ ಇವುಗಳನ್ನು ಅವಲಂಬಿಸಿದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. 2004ರಲ್ಲಿ ಬಂಡಾ ಆಚೆ ನಗರದ ಜನರು ತೆಗೆದ ಚಲನಚಿತ್ರಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಕಡಲಿನಿಂದ ದೂರದ ಬೀದಿಗಳಲ್ಲಿಯೂ ನೀರು ಸೆಕೆಂಡಿಗೆ 2ರಿಂದ 5 ಮೀಟರ್ ವೇಗದಲ್ಲಿ ಹರಿಯಿತೆಂದು ಲೆಕ್ಕಹಾಕಿದರು. 5 ಮೀಟರ್ ಎಂದರೆ ಗಂಟೆಗೆ 18 ಕಿಲೋಮೀಟರ್. ಸೈಕಲ್ ಸವಾರನ ವೇಗ. ಕೇಳಲು ಅಲ್ಪವೆನಿಸಬಹುದು. ಆದರೆ ನೀರು ಗಾಳಿಗಿಂತ ಎಂಟುನೂರು ಪಟ್ಟು ಸಾಂದ್ರವಾದದ್ದು. ಸೆಕೆಂಡಿಗೆ 5 ಮೀಟರ್ ಹರಿಯುವ ನೀರಿನ ಒತ್ತಡಕ್ಕೆ ಸಮನಾಗಬೇಕಾದರೆ ಗಾಳಿ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಬೀಸಬೇಕು. ಬಂಗಾಳ ಕೊಲ್ಲಿಯ ಯಾವ ಚಂಡಮಾರುತವೂ ಆ ವೇಗವನ್ನು ಮುಟ್ಟುವುದಿಲ್ಲ. ಅಗಲವಾದ ಚಪ್ಪಟೆ ಗೋಡೆಯ ಒಂದು ಚದರ ಮೀಟರಿನ ಮೇಲೆ ಈ ಹರಿವು ಹಾಕುವ ಬಲ ಸುಮಾರು 2.6 ಟನ್. ಅದೇ ದುಂಡನೆಯ ಕಂಬವಾದರೆ ನೀರು ಎರಡು ಮಗ್ಗುಲಿಗೂ ಸರಿದುಹೋಗುವುದರಿಂದ ಅಷ್ಟೇ ಎದುರುಮೈಯ ಮೇಲೆ ಬಲ ಗಣನೀಯವಾಗಿ ಕಡಿಮೆಯಾಗುತ್ತದೆ.

ಪ್ರವಾಹದ ಮುಂಚೂಣಿ ಕಡಿದಾದ ನೊರೆಗೋಡೆಯಂತೆ ಬಂದು ತಾಗಿದಾಗ ಆ ಮೊದಲ ಕ್ಷಣದ ಹೊಡೆತ ಇನ್ನೂ ಹೆಚ್ಚು. ಅನಂತರದ ನಿರಂತರ ನೂಕಿನ ಒಂದೂವರೆ ಪಟ್ಟು ಎಂದು ವಿನ್ಯಾಸಕಾರರು ಎಣಿಸುವುದುಂಟು. ಜಪಾನಿನ ಸರ್ಕಾರ 2005ರಲ್ಲಿ ಹೊರಡಿಸಿದ ಮಾರ್ಗದರ್ಶಿಕೆಯಲ್ಲಿ ಈ ಎಲ್ಲ ಲೆಕ್ಕಗಳನ್ನೂ ಅಡಕಮಾಡಿದ ಒಂದು ಸರಳ ಸೂತ್ರವಿತ್ತು: ನಿರೀಕ್ಷಿತ ನೀರಿನ ಎತ್ತರವನ್ನು ಮೂರು ಪಟ್ಟು ಮಾಡಿ, ಅಷ್ಟು ನಿಂತ ನೀರಿನ ಒತ್ತಡಕ್ಕೆ ಕಟ್ಟಡವನ್ನು ಸಿದ್ಧಗೊಳಿಸತಕ್ಕದ್ದು. ಎತ್ತರದ ವರ್ಗದಂತೆ ಬಲ ಹೆಚ್ಚುವುದರಿಂದ ಮೂರು ಪಟ್ಟು ಎತ್ತರವೆಂದರೆ ಒಂಬತ್ತು ಪಟ್ಟು ಬಲ. 2011ರ ಅನುಭವದ ತರುವಾಯ, ಕಡಲಿನಿಂದ ದೂರವಿದ್ದು ಎದುರಿಗೆ ಅಲೆಯನ್ನು ತಡೆಯುವ ರಚನೆಗಳಿದ್ದ ಕಡೆ ಮೂರರ ಬದಲು ಎರಡು ಅಥವಾ ಒಂದೂವರೆ ಪಟ್ಟು ಸಾಕೆಂದು ಸೂತ್ರವನ್ನು ಪರಿಷ್ಕರಿಸಲಾಯಿತು.

3. ಮೇಲೆತ್ತುವ ಬಲ

'ಭಾರವೇ ಭದ್ರತೆ' ಎಂಬ ಪೂರ್ವಪಕ್ಷಕ್ಕೆ ನೇರವಾದ ಉತ್ತರ ಇಲ್ಲಿದೆ. ನೀರಿನಲ್ಲಿ ಮುಳುಗಿದ ವಸ್ತು ತಾನು ಸ್ಥಳಾಂತರಿಸಿದ ನೀರಿನ ತೂಕದಷ್ಟು ತನ್ನ ತೂಕವನ್ನು ಕಳೆದುಕೊಳ್ಳುತ್ತದೆ. ಆರ್ಕಿಮಿಡೀಸನ ಈ ತತ್ತ್ವ ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಗೂ ಪರಿಚಿತ. ಕಾಂಕ್ರೀಟು ನೀರಿಗಿಂತ ಸುಮಾರು 2.4 ಪಟ್ಟು ಭಾರವಾದದ್ದು. ಕಡಲ ನೀರಿನಲ್ಲಿ ಮುಳುಗಿದೊಡನೆ ಅದರ ತೂಕದಲ್ಲಿ ಶೇಕಡಾ 40ಕ್ಕೂ ಹೆಚ್ಚು ಭಾಗ ಇಲ್ಲವಾಗುತ್ತದೆ. ಕಟ್ಟಡ ಜಾರದೆ, ಉರುಳದೆ ನಿಲ್ಲುವುದು ಬಹುಮಟ್ಟಿಗೆ ತನ್ನ ತೂಕದಿಂದ ನೆಲವನ್ನು ಅದುಮಿ ಹಿಡಿದಿರುವುದರಿಂದ. ನೀರು ಒಂದು ಕೈಯಿಂದ ಅದನ್ನು ನೂಕುತ್ತಿರುವಾಗಲೇ ಇನ್ನೊಂದು ಕೈಯಿಂದ ಆ ಹಿಡಿತವನ್ನು ಸಡಿಲಿಸುತ್ತದೆ.

ಕೋಣೆಯೊಳಗೆ ಗಾಳಿ ಸಿಕ್ಕಿಹಾಕಿಕೊಂಡರಂತೂ ಅಪಾಯ ಇಮ್ಮಡಿ. 10 ಮೀಟರ್ ಉದ್ದ, 10 ಮೀಟರ್ ಅಗಲದ ಸಭಾಂಗಣವೊಂದನ್ನು ಕಲ್ಪಿಸಿಕೊಳ್ಳಬಹುದು. ಹೊರಗಿನ ನೀರು ಚಾವಣಿಯ ಮಟ್ಟಕ್ಕೆ ಏರಿದೆ. ಒಳಗೆ ಚಾವಣಿಯ ಅಡಿಯಲ್ಲಿ ಒಂದು ಮೀಟರ್ ದಪ್ಪದಷ್ಟು ಗಾಳಿ ಹೊರಹೋಗಲು ದಾರಿಯಿಲ್ಲದೆ ಉಳಿದಿದೆ. ಆಗ ಚಾವಣಿಯನ್ನು ಕೆಳಗಿನಿಂದ ಎತ್ತುವ ಬಲ ಸುಮಾರು 103 ಟನ್. 15 ಸೆಂಟಿಮೀಟರ್ ದಪ್ಪದ ಆ ಆರ್.ಸಿ.ಸಿ. ಚಾವಣಿಯ ಸ್ವಂತ ತೂಕ 36 ಟನ್ ಮಾತ್ರ. ಕೆಳಮುಖವಾದ ಭಾರವನ್ನು ಹೊರಲೆಂದು ಕಬ್ಬಿಣದ ಸರಳುಗಳನ್ನು ಜೋಡಿಸಿದ ಚಾವಣಿ ಈ ಮೇಲ್ಮುಖ ಬಲಕ್ಕೆ ಸಿದ್ಧವಾಗಿರುವುದಿಲ್ಲ.

2011ರಲ್ಲಿ ಜಪಾನಿನ ಓನಗಾವಾ ಪಟ್ಟಣದಲ್ಲಿ ಇದಕ್ಕೆ ಪ್ರತ್ಯಕ್ಷ ನಿದರ್ಶನ ದೊರೆಯಿತು. ಅಲ್ಲಿ ಹಲವು ಆರ್.ಸಿ.ಸಿ. ಮತ್ತು ಉಕ್ಕಿನ ಕಟ್ಟಡಗಳು ತಮ್ಮ ಗೋಡೆ ಕಂಬಗಳು ಬಹುಮಟ್ಟಿಗೆ ಇಡಿಯಾಗಿದ್ದಂತೆಯೇ ಬುಡಮೇಲಾಗಿ ಬಿದ್ದವು. ಅವುಗಳಲ್ಲಿ ಎರಡು ಅಂತಸ್ತಿನ ಪೊಲೀಸ್ ಠಾಣೆಯೊಂದನ್ನು ಬಿದ್ದ ಸ್ಥಿತಿಯಲ್ಲಿಯೇ ಸ್ಮಾರಕವಾಗಿ ಉಳಿಸಿದ್ದಾರೆ. ಕಟ್ಟಡ ಮುರಿಯಲಿಲ್ಲ, ಅದರ ಬೇರು ಕಿತ್ತುಬಂದಿತು.

4. ತೇಲಿಬಂದ ವಸ್ತುಗಳ ಘಾತ

ಸುನಾಮಿಯ ನೀರು ಬರಿಯ ನೀರಲ್ಲ. ಮೊದಲ ಸಾಲಿನ ಮನೆಗಳನ್ನು ಕೆಡವಿ ಅವುಗಳ ತೊಲೆ, ಬಾಗಿಲು, ಮರದ ದಿಮ್ಮಿ, ಮೋಟಾರು, ದೋಣಿಗಳನ್ನೆಲ್ಲ ಹೊತ್ತು ತಂದು ಎರಡನೆಯ ಸಾಲಿನ ಮೇಲೆ ಎಸೆಯುತ್ತದೆ. 2004ರಲ್ಲಿ ಬಂಡಾ ಆಚೆಯ ಬಂದರಿನಲ್ಲಿ ನಿಂತಿದ್ದ, ವಿದ್ಯುತ್ ಉತ್ಪಾದನೆಯ ಯಂತ್ರಗಳನ್ನು ಹೊತ್ತ 2,600 ಟನ್ನಿನ ಹಡಗು ಕಡಲಿನಿಂದ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಊರೊಳಗೆ ಬಂದು ಕುಳಿತಿತು. 1960ರ ಮೇ ತಿಂಗಳಲ್ಲಿ ಚಿಲಿ ದೇಶದ ಭೂಕಂಪದಿಂದ ಎದ್ದ ಅಲೆ ಹವಾಯಿಯ ಹೀಲೋ ನಗರದಲ್ಲಿ 61 ಜನರನ್ನು ಕೊಂದಿತಷ್ಟೆ. ಅಲ್ಲಿ ಕಡಲಗೋಡೆಯಿಂದ ಕಿತ್ತ ಇಪ್ಪತ್ತು ಟನ್ನಿನ ಬಂಡೆಗಳು ನೂರಾರು ಅಡಿ ಒಳಕ್ಕೆ ಬಂದುಬಿದ್ದವು.

ಇಂಥ ವಸ್ತು ಕಂಬಕ್ಕೆ ತಾಗಿದಾಗ ಉಂಟಾಗುವ ಘಾತ ಅದರ ವೇಗದೊಡನೆ ಸಮಪ್ರಮಾಣದಲ್ಲಿಯೂ, ರಾಶಿ ಮತ್ತು ಬಿಗಿತಗಳ ಗುಣಲಬ್ಧದ ವರ್ಗಮೂಲದಂತೆಯೂ ಹೆಚ್ಚುತ್ತದೆ. ಮೆತ್ತಗಿನ ವಸ್ತು ತಾನು ಅಪ್ಪಚ್ಚಿಯಾಗಿ ಏಟನ್ನು ಹಂಚುತ್ತದೆ; ಬಿಗಿಯಾದ ದಿಮ್ಮಿ ಅದೇ ಏಟನ್ನು ಕ್ಷಣಾರ್ಧದಲ್ಲಿ ಒಂದೇ ಜಾಗದಲ್ಲಿ ಹಾಕುತ್ತದೆ. ಘಾತದ ಬಳಿಕವೂ ತೊಂದರೆ ಮುಗಿಯುವುದಿಲ್ಲ. ಕೊಚ್ಚಿಬಂದ ಕಸ, ಮರ, ತಗಡುಗಳು ಕಂಬಗಳ ನಡುವೆ ಸಿಕ್ಕಿ ಅಡ್ಡಗಟ್ಟುತ್ತವೆ. ಆಗ ತೆರವಾಗಿದ್ದ ಕಂಬಗಳ ಸಾಲೇ ಗೋಡೆಯಂತಾಗಿ, ಹರಿವಿನ ನೂಕನ್ನೆಲ್ಲ ಎದೆಗೊಡ್ಡಬೇಕಾಗುತ್ತದೆ. ಆದ್ದರಿಂದ ಕೆಳ ಅಂತಸ್ತನ್ನು ತೆರವಾಗಿ ಬಿಟ್ಟವರು ಸಹ ಅದು ತೆರವಾಗಿಯೇ ಉಳಿಯುವುದೆಂದು ನಂಬಿ ಕಂಬಗಳನ್ನು ಸಣ್ಣದಾಗಿ ಮಾಡುವಂತಿಲ್ಲ.

5. ಅಡಿಪಾಯದ ಕೊರೆತ ಮತ್ತು ಹಿಂದಿರುಗುವ ನೀರು

ಹೊಳೆಯಲ್ಲಿ ನಿಂತವನ ಕಾಲಡಿಯ ಮರಳು ಸರಿಯುವುದನ್ನು ಬಲ್ಲವರಿಗೆ ಈ ಬಲವನ್ನು ವಿವರಿಸಬೇಕಾಗಿಲ್ಲ. ಹರಿವು ಕಟ್ಟಡದ ಮೂಲೆಯನ್ನು ಸುತ್ತಿಹೋಗುವಾಗ ವೇಗ ಹೆಚ್ಚಿ ಸುಳಿಗಳೇಳುತ್ತವೆ. ಅವು ಮಣ್ಣನ್ನು ತೋಡಿ ಒಯ್ಯುತ್ತವೆ. ಕಡಲತಡಿಯ ನೆಲ ಪ್ರಾಯಶಃ ಮರಳೇ ಆದ್ದರಿಂದ ಕೆಲವೇ ನಿಮಿಷಗಳಲ್ಲಿ ಆಳುದ್ದದ ಹೊಂಡಗಳಾಗುವುದುಂಟು. ಮೇಲಿನ ಕಟ್ಟಡ ಎಷ್ಟೇ ಗಟ್ಟಿಯಾಗಿದ್ದರೂ ಅಡಿಪಾಯ ಮೂರು ನಾಲ್ಕು ಅಡಿಯಷ್ಟೇ ಆಳದಲ್ಲಿದ್ದರೆ ಅದು ಒಂದು ಮೂಲೆಗೆ ಕುಸಿದು ಬಿರಿಯುತ್ತದೆ.

ನೀರು ಇಳಿಯುವಾಗಲೂ ನೆಲಕ್ಕೆ ಆಪತ್ತು ತಪ್ಪದು. ಮೇಲಿನ ನೀರಿನ ಭಾರ ಬೇಗನೆ ಸರಿದುಹೋದಾಗ ಮಣ್ಣಿನ ಕಣಗಳ ನಡುವೆ ಸಿಕ್ಕಿದ ನೀರು ಮೇಲ್ಮುಖವಾಗಿ ಒತ್ತುತ್ತದೆ. ಕಣಗಳ ಪರಸ್ಪರ ಹಿಡಿತ ತಪ್ಪಿ ಮಣ್ಣು ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದೇ ಹೊತ್ತಿನಲ್ಲಿ ಹಿಂದಿರುಗುವ ಪ್ರವಾಹ ಕಟ್ಟಡವನ್ನು ವಿರುದ್ಧ ದಿಕ್ಕಿನಿಂದ ನೂಕುತ್ತದೆ. ಮೇಲೆ ಹೇಳಿದ ಓನಗಾವಾದ ಠಾಣೆಯನ್ನು ಉರುಳಿಸಿದ್ದು ಹೀಗೆ ಕಡಲಿಗೆ ಮರಳುತ್ತಿದ್ದ ನೀರೇ ಎಂದು ನಿರ್ಧರಿಸಲಾಗಿದೆ. ಅಲೆಯೊಂದು ಮರಳಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ತಿಳಿಯುವುದೂ ತಪ್ಪು. ಎರಡನೆಯದೋ ಮೂರನೆಯದೋ ಮೊದಲಿನದಕ್ಕಿಂತ ದೊಡ್ಡದಾಗಿರುವುದು ಅಪರೂಪವಲ್ಲ. ಮೊದಲನೆಯದು ಕೊರೆದ ಹೊಂಡದ ಅಂಚಿನಲ್ಲಿ ನಿಂತು ಕಟ್ಟಡ ಅದನ್ನು ಎದುರಿಸಬೇಕು.

ನಿಲ್ಲುವ ಕಟ್ಟಡದ ಲಕ್ಷಣ

ಮಹಾಭಾರತದ ಶಾಂತಿಪರ್ವದಲ್ಲಿ ಸಮುದ್ರನಿಗೂ ನದಿಗಳಿಗೂ ನಡೆದ ಸಂವಾದವೊಂದನ್ನು ಭೀಷ್ಮರು ಧರ್ಮರಾಯನಿಗೆ ಹೇಳುತ್ತಾರೆ. ಬೇರುಸಹಿತ ಕಿತ್ತ ಮಹಾವೃಕ್ಷಗಳನ್ನು ತರುವ ನೀವು ಬೆತ್ತದ ಜೊಂಡನ್ನೇಕೆ ತರುವುದಿಲ್ಲವೆಂದು ಸಮುದ್ರನು ಕೇಳುತ್ತಾನೆ. ಮರಗಳು ಒಂದೇ ನೆಲೆಯಲ್ಲಿ ಬಾಗದೆ ಎದುರಿಸಿ ಅಳಿಯುತ್ತವೆ, ಜೊಂಡಾದರೋ ಪ್ರವಾಹಕ್ಕೆ ದಾರಿಬಿಟ್ಟು ತನ್ನ ನೆಲೆಯನ್ನು ಬಿಡದೆ ಉಳಿಯುತ್ತದೆ ಎಂಬುದು ಗಂಗೆಯ ಉತ್ತರದ ತಾತ್ಪರ್ಯ. ಅಲ್ಲಿ ಅದು ಪ್ರಬಲ ಶತ್ರುವಿನೆದುರು ದುರ್ಬಲ ರಾಜನ ನೀತಿಗಾಗಿ ಬಂದ ದೃಷ್ಟಾಂತ. ಆದರೂ ಅದರಲ್ಲಿರುವ ಎರಡು ಗುಣಗಳು, ಎಂದರೆ ದಾರಿಬಿಡುವುದು ಮತ್ತು ಬೇರನ್ನು ಬಿಡದಿರುವುದು, ಇಂದಿನ ಎಂಜಿನಿಯರಿಂಗ್ ಶಾಸ್ತ್ರ ಹೇಳುವುದಕ್ಕೆ ಬಹಳ ಸಮೀಪವಾಗಿವೆ.

ಮೇಲಣ ವಿವೇಚನೆಯಿಂದ ಸುನಾಮಿಯನ್ನು ಎದುರಿಸಬಲ್ಲ ಕಟ್ಟಡದ ಲಕ್ಷಣಗಳನ್ನು ಹೀಗೆ ಸಂಗ್ರಹಿಸಬಹುದು. ಮೊದಲನೆಯದಾಗಿ, ಕಟ್ಟಡದ ಭಾರವನ್ನು ಹೊರುವುದು ಗೋಡೆಗಳಲ್ಲ, ಪರಸ್ಪರ ಬಿಗಿದ ಕಂಬ ತೊಲೆಗಳ ಹಂದರವಾಗಿರಬೇಕು. ಕೆಳ ಅಂತಸ್ತಿನ ಅಡ್ಡಗೋಡೆಗಳು ಬಿದ್ದುಹೋದರೂ ಹಂದರ ನಿಲ್ಲಬೇಕು. ಎರಡನೆಯದಾಗಿ, ಕಟ್ಟಡದ ಕಿರಿದಾದ ಮುಖ ಕಡಲಿನತ್ತ ಇರಬೇಕು; ನೀಳವಾದ ಪಕ್ಕ ಹರಿವಿನ ದಿಕ್ಕಿಗೆ ಸಮಾನಾಂತರವಾಗಿರಬೇಕು. ಮೂರನೆಯದಾಗಿ, ಅಡಿಪಾಯ ಕೊರೆತದ ಆಳವನ್ನು ಮೀರಿ ಇಳಿದಿರಬೇಕು. ಪೈಲ್ ಎಂದು ಕರೆಯುವ ಆಳದ ಕಂಬಗಳಿಗೆ ಕಟ್ಟಡವನ್ನು, ಅದು ಮೇಲೇಳದಂತೆಯೂ, ಬಿಗಿದಿರಬೇಕು. ನಾಲ್ಕನೆಯದಾಗಿ, ಒಂದು ಕಂಬ ಘಾತಕ್ಕೆ ಸಿಕ್ಕಿ ಮುರಿದರೆ ಅದರ ಹೊರೆಯನ್ನು ಅಕ್ಕಪಕ್ಕದವು ಹೊರುವಂತಿರಬೇಕು. ಐದನೆಯದಾಗಿ, ಚಾವಣಿಯ ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳದಂತೆ ಹೊರದಾರಿಗಳಿರಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಳಗೆ ತೆರವಾಗಿ ಬಿಡುವುದೆಂದರೆ ಬಡಕಲು ಕಂಬಗಳ ಮೇಲೆ ಮಹಡಿಗಳನ್ನು ನಿಲ್ಲಿಸುವುದೆಂದು ಅರ್ಥವಲ್ಲ. 2001ರ ಜನವರಿ 26ರ ಗುಜರಾತ್ ಭೂಕಂಪದಲ್ಲಿ, ವಾಹನ ನಿಲ್ಲಿಸಲೆಂದು ಕೆಳ ಅಂತಸ್ತನ್ನು ತೆರವಾಗಿ ಬಿಟ್ಟಿದ್ದ ಅಹಮದಾಬಾದಿನ ಹಲವು ವಸತಿ ಕಟ್ಟಡಗಳು ಆ ಅಂತಸ್ತಿನಲ್ಲಿಯೇ ಕುಸಿದವು. ತೀರಕ್ಕೆ ಸಮೀಪದಲ್ಲಿ ಹುಟ್ಟುವ ಸುನಾಮಿಗೆ ಮುನ್ನ ಸಾಮಾನ್ಯವಾಗಿ ಭೂಕಂಪ ಬರುತ್ತದೆ. ಆದಕಾರಣ ನೀರನ್ನು ಎದುರಿಸಬೇಕಾದ ಕಟ್ಟಡ ಮೊದಲು ಭೂಕಂಪವನ್ನು ದಾಟಿ ಉಳಿದಿರಬೇಕು.

ಇವೆಲ್ಲಕ್ಕೂ ಮಿಗಿಲಾದದ್ದು ಎತ್ತರ. ಮಿನಾಮಿಸಾನ್ರಿಕು ಪಟ್ಟಣದ ವಿಪತ್ತು ನಿವಾರಣಾ ಕಚೇರಿ ಮೂರು ಅಂತಸ್ತಿನ, 12 ಮೀಟರ್ ಎತ್ತರದ ಉಕ್ಕಿನ ಹಂದರದ ಕಟ್ಟಡ. 2011ರಲ್ಲಿ ಅಲ್ಲಿಗೆ ಬಂದ ನೀರಿನ ಎತ್ತರ 15 ಮೀಟರಿಗೂ ಹೆಚ್ಚು. ಗೋಡೆಗಳು ಕೊಚ್ಚಿಹೋದರೂ ಹಂದರ ಬೀಳಲಿಲ್ಲ. ಕೆಂಪು ಬಣ್ಣದ ಆ ಅಸ್ಥಿಪಂಜರ ನಿಂತೇ ಇತ್ತು. ಆದರೆ ಅಲ್ಲಿ ಆಶ್ರಯ ಪಡೆದವರಲ್ಲಿ 43 ಮಂದಿ ಮಡಿದರು. ಕಟ್ಟಡ ನಿಲ್ಲುವುದೇ ಬೇರೆ, ಕಟ್ಟಡ ಜನರನ್ನು ಉಳಿಸುವುದೇ ಬೇರೆ. ಈ ಭೇದವನ್ನು ಮನಗಂಡೇ ಅಮೆರಿಕದ ಮಾರ್ಗದರ್ಶಿಕೆಯೊಂದು, ನಿರೀಕ್ಷಿತ ನೀರಿನ ಮಟ್ಟಕ್ಕೆ ಶೇಕಡಾ 30ನ್ನು ಸೇರಿಸಿ, ಅದರ ಮೇಲೆ ಮತ್ತೆ 3 ಮೀಟರ್ ಎತ್ತರದಲ್ಲಿ ಆಶ್ರಯದ ತಾಣವಿರಬೇಕೆಂದು ವಿಧಿಸಿದೆ.

ಶಾಲೆಯೇ ಆಶ್ರಯವಾದಾಗ

ಶಾಲಾಕಟ್ಟಡಗಳ ಮಟ್ಟಿಗೆ ಜಪಾನಿನ 2011ರ ಅನುಭವ ಮೂರು ಬಗೆಯದು. ಸೆಂಡೈ ನಗರದ ಅರಹಾಮಾ ಪ್ರಾಥಮಿಕ ಶಾಲೆ ಕಡಲಿನಿಂದ ಸುಮಾರು 700 ಮೀಟರ್ ದೂರದಲ್ಲಿದ್ದ ನಾಲ್ಕು ಅಂತಸ್ತಿನ ಕಟ್ಟಡ. ಸುತ್ತಮುತ್ತ ಹತ್ತಲು ಗುಡ್ಡವಿರಲಿಲ್ಲ. ಮಕ್ಕಳು, ಅಧ್ಯಾಪಕರು, ಊರಿನವರು ಸೇರಿ 320 ಮಂದಿ ಮೇಲೇರಿದರು. ನೀರು ನೆಲದ ಅಂತಸ್ತನ್ನು ತುಂಬಿ, ಅದರ ಮೇಲಣ ಅಂತಸ್ತಿಗೂ ಬಂದಿತು, ಅವರೆಲ್ಲರೂ ಬದುಕಿದರು. ಸುತ್ತಲ ಊರು ಅಳಿದುಹೋಯಿತು.

ಕಮಾಯಿಶಿ ನಗರದ ಉನೊಸುಮಾಯಿ ಪ್ರಾಥಮಿಕ ಶಾಲೆ ಮೂರು ಅಂತಸ್ತಿನದು. ಅಲ್ಲಿಯ ಮಕ್ಕಳು ಮೊದಲು ಮೇಲಿನ ಅಂತಸ್ತನ್ನು ಸೇರಿದ್ದರು. ನೆರೆಯ ಹಿರಿಯ ಶಾಲೆಯ ವಿದ್ಯಾರ್ಥಿಗಳು ಎತ್ತರದ ಜಾಗದತ್ತ ಓಡುವುದನ್ನು ಕಂಡು ತಾವೂ ಇಳಿದು ಅವರ ಹಿಂದೆ ಓಡಿದರು. ಮೊದಲು ಸೇರಿದ ತಾಣವೂ ಸಾಲದೆನಿಸಿ ಇನ್ನೂ ಮೇಲಕ್ಕೆ ಹೋದರು. ತರುವಾಯ ನೀರು ಆ ಶಾಲೆಯ ಮೂರನೆಯ ಅಂತಸ್ತನ್ನೂ ಮುಟ್ಟಿತು. ಮೋಟಾರೊಂದು ಅಲ್ಲಿ ಸಿಕ್ಕಿಕೊಂಡಿತ್ತು. ಆ ಕಟ್ಟಡವನ್ನು ನಂಬದಿದ್ದುದೇ ಆ ಮಕ್ಕಳನ್ನು ಕಾಪಾಡಿತು.

ಮೂರನೆಯದು ದುಃಖದ ವೃತ್ತಾಂತ. ಕಿತಾಕಾಮಿ ನದಿಯ ಮುಖದಿಂದ ನಾಲ್ಕು ಕಿಲೋಮೀಟರಿನಷ್ಟು ಒಳಗಿದ್ದ ಓಕಾವಾ ಪ್ರಾಥಮಿಕ ಶಾಲೆ ಎರಡೇ ಅಂತಸ್ತಿನದು. ಶಾಲೆಯ ಹಿಂದೆಯೇ ಗುಡ್ಡವಿತ್ತು. ಭೂಕಂಪಕ್ಕೂ ನೀರಿನ ಆಗಮನಕ್ಕೂ ನಡುವೆ ಸುಮಾರು 50 ನಿಮಿಷಗಳಿದ್ದವು. ನದಿಯಲ್ಲಿ ಏರಿಬಂದ ಅಲೆಗೆ 74 ಮಕ್ಕಳೂ 10 ಮಂದಿ ಶಿಕ್ಷಕ ಸಿಬ್ಬಂದಿಯೂ ಬಲಿಯಾದರು. ಇಲ್ಲಿ ಕಟ್ಟಡದ ಗೋಡೆಯ ದಪ್ಪವನ್ನು ಕುರಿತು ಚರ್ಚಿಸುವುದೇ ವ್ಯರ್ಥ. ಗುಡ್ಡವಿರುವಲ್ಲಿ ಗುಡ್ಡವೇ ಆಶ್ರಯ. ಕಟ್ಟಡವನ್ನು ಆಶ್ರಯಿಸತಕ್ಕದ್ದು ಗುಡ್ಡವಿಲ್ಲದ ಕಡೆ ಮಾತ್ರ.

ಅಂಥ ಗುಡ್ಡವಿಲ್ಲದ ತೀರದ ಒಂದು ಊರು ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆಸ್ಟ್‌ಪೋರ್ಟ್. 2013ರಲ್ಲಿ ಅಲ್ಲಿಯ ನಿವಾಸಿಗಳು ಮತ ನೀಡಿ, ತಮ್ಮ ಮೇಲೆ ತಾವೇ ತೆರಿಗೆಯ ಹೊರೆಯನ್ನು ಒಪ್ಪಿಕೊಂಡು, ಓಕೋಸ್ಟಾ ಪ್ರಾಥಮಿಕ ಶಾಲೆಯನ್ನು ಹೊಸದಾಗಿ ಕಟ್ಟಿಸಲು ತೀರ್ಮಾನಿಸಿದರು. ಆ ಶಾಲೆಯ ವ್ಯಾಯಾಮಶಾಲೆಯ ತಾರಸಿಯನ್ನು ಸಾವಿರ ಜನ ನಿಲ್ಲಬಹುದಾದ ಸುನಾಮಿ ಆಶ್ರಯವಾಗಿ ರೂಪಿಸಲಾಯಿತು. ಆಳದ ಪೈಲ್‌ಗಳ ಮೇಲೆ ನಿಂತ, ಮೂಲೆಗಳಲ್ಲಿ ಮೆಟ್ಟಿಲ ಗೋಪುರಗಳಿರುವ ಈ ಕಟ್ಟಡ 2016ರಲ್ಲಿ ಪೂರ್ಣಗೊಂಡಿತು; ಆ ದೇಶದಲ್ಲಿ ಈ ಬಗೆಯದು ಇದೇ ಮೊದಲನೆಯದು. ಅದೇ 2016ರ ಆವೃತ್ತಿಯಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ, ಕಟ್ಟಡಗಳ ಮೇಲಣ ಹೊರೆಗಳನ್ನು ಕುರಿತ ತನ್ನ ಸಂಹಿತೆಗೆ ಸುನಾಮಿಯ ಅಧ್ಯಾಯವೊಂದನ್ನು ಸೇರಿಸಿತು.

ಉಪಸಂಹಾರ

ಕರ್ನಾಟಕದ ಕರಾವಳಿ 2004ರಲ್ಲಿ ದೊಡ್ಡ ಹಾನಿಯಿಲ್ಲದೆ ಪಾರಾಯಿತು. ಆದರೆ ಅರಬ್ಬೀ ಸಮುದ್ರ ಸುನಾಮಿಯನ್ನು ಅರಿಯದ ಕಡಲಲ್ಲ. 1945ರ ನವೆಂಬರ್ 28ರ ನಸುಕಿನಲ್ಲಿ ಮಕ್ರಾನ್ ತೀರದಲ್ಲಿ ಆದ ಭೂಕಂಪದ ಅಲೆಗಳು ಮುಂಬಯಿಯವರೆಗೂ ಬಂದು ಜೀವಹಾನಿ ಮಾಡಿದ್ದುಂಟು. 2007ರಿಂದ ಹೈದರಾಬಾದಿನಲ್ಲಿ ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಮಾಡುತ್ತಿದೆ. ಮುನ್ನೆಚ್ಚರಿಕೆ ಓಡಲು ಸಮಯ ಕೊಡಬಲ್ಲುದು. ಓಡಿ ಸೇರುವ ಜಾಗವನ್ನು ಊರಿನವರೇ ಸಿದ್ಧಪಡಿಸಿಕೊಳ್ಳಬೇಕು.

ಕಡಲಿನಿಂದ ದೂರವಿರುವ ಬಯಲುಸೀಮೆಯವರಿಗೆ ಈ ವಿಷಯ ಅನ್ವಯಿಸದೆಂದು ಹೇಳುವಂತಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಉತ್ತರ ಕರ್ನಾಟಕದ ನದಿಗಳು ಉಕ್ಕಿದಾಗ ಮಣ್ಣಿನ ಗೋಡೆಯ ಮನೆಗಳು ಅಪಾರ ಸಂಖ್ಯೆಯಲ್ಲಿ ಬಿದ್ದವು. ವೇಗ ಕಡಿಮೆಯಿರಬಹುದು, ಏರಿಳಿತದ ಕಾಲ ದೀರ್ಘವಾಗಿರಬಹುದು. ಆದರೆ ಗೋಡೆಯನ್ನು ಒತ್ತುವ, ತೂಕವನ್ನು ಕಳೆಯುವ, ಬುಡವನ್ನು ಕೊರೆಯುವ ನಿಯಮಗಳು ಕಡಲಿನ ನೀರಿಗೂ ಹೊಳೆಯ ನೀರಿಗೂ ಒಂದೇ.

ದಾನಿಯ ಹೆಸರನ್ನು ಹೊತ್ತ ಕಲ್ಲು ಗೋಡೆಯ ಮೇಲೆ ಕಾಣುವಂತಿರುತ್ತದೆ. ಆ ಗೋಡೆಯನ್ನು ನಿಲ್ಲಿಸುವ ಅಡಿಪಾಯವಾಗಲಿ, ಕಂಬದೊಳಗಿನ ಸರಳಾಗಲಿ, ತೊಲೆ ಕಂಬಗಳು ಸೇರುವೆಡೆಯ ಬಿಗಿತವಾಗಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ನೀರು ಬಂದ ದಿನ ಮಕ್ಕಳನ್ನು ಕಾಯುವುದು ಕಾಣದ ಈ ಭಾಗಗಳೇ. ಕಟ್ಟಿಸುವವರು ಇವುಗಳಿಗಾಗಿ ವೆಚ್ಚ ಮಾಡಲು ಹಿಂಜರಿಯದಿರುವುದು, ಕಲಿಸುವವರು ಎತ್ತರದ ದಾರಿಯನ್ನು ಮಕ್ಕಳಿಗೆ ಮೊದಲೇ ನಡೆಸಿ ತೋರಿಸಿರುವುದು, ಇವೆರಡೂ ಕೂಡಿದ ಕಡೆ ಮಾತ್ರ ಶಾಲೆ ಆಶ್ರಯವೆಂಬ ಹೆಸರಿಗೆ ತಕ್ಕದ್ದಾಗುತ್ತದೆ.